ಒಂಬತ್ತರ ಜೋಡಿ

ಏಳನೆಯ ಕಂತು

ಕೂಸಪ್ಪ ಕೊನೆಯ ಕಾರ್ಡನ್ನು ತಿರುಗಿಸಿ ಮೇಜಿನ ನಡುವೆ ಇಟ್ಟ. ಕಳಾವರ್ ಎರಡು. ಯಾರ ಉಪಕಾರಕ್ಕೂ ಬಾರದ ಕಾರ್ಡು.

ಎಲ್ಲರಿಗೂ ಸೇರಿದ ಐದು ಕಾರ್ಡುಗಳು ಈಗ ಸಾಲಾಗಿ ಬಿದ್ದಿದ್ದವು: ರಾಜ, ಒಂಬತ್ತು, ಏಳು, ನಾಲ್ಕು, ಎರಡು. ಮನೋರಮಳ ಕೈಯಲ್ಲಿ ಇನ್ನೊಂದು ಒಂಬತ್ತು, ಜತೆಗೊಂದು ಹತ್ತು. ಅಂದರೆ ಒಂಬತ್ತರ ಜೋಡಿ. ಎಸೆದುಬಿಡುವಷ್ಟು ಕೆಟ್ಟದ್ದಲ್ಲ, ಎದೆಯುಬ್ಬಿಸುವಷ್ಟು ಒಳ್ಳೆಯದೂ ಅಲ್ಲ. ಉಳಿದಿಬ್ಬರಲ್ಲಿ ಯಾರ ಕೈಯಲ್ಲಾದರೂ ಒಂದೇ ಒಂದು ರಾಜ ಇದ್ದರೆ ಇವಳ ಕಥೆ ಮುಗಿಯಿತು.

"ಮನೋರಮಕ್ಕ, ನಿಮ್ಮದೇ ಮೊದಲು," ಎಂದ ಕೂಸಪ್ಪ.

ಮನೋರಮಾ ಕಾರ್ಡು ನೋಡುತ್ತಿರಲಿಲ್ಲ. ಎದುರಿಗಿದ್ದ ಖಾಲಿ ಬೆತ್ತದ ಕುರ್ಚಿಯನ್ನು ನೋಡುತ್ತಿದ್ದಳು.

ಐದು ವಾರಗಳ ಹಿಂದೆ, ಭಾನುವಾರದ ಆಟ ಮುಗಿದ ಮೇಲೆ, ಈ ಮನೆಯ ಯಜಮಾನ ಜಿತೇಂದ್ರ ಸುವರ್ಣ ಅದೇ ಕುರ್ಚಿಯಲ್ಲಿ ಕುಳಿತಲ್ಲೇ ಸತ್ತಿದ್ದ. ಹೃದಯ ನಿಂತಿತು, ಹತ್ತಿರ ಯಾರೂ ಇರಲಿಲ್ಲ ಎಂದು ಊರೆಲ್ಲ ಒಪ್ಪಿಕೊಂಡಿತ್ತು, ಮನೋರಮಳೊಬ್ಬಳನ್ನು ಬಿಟ್ಟು.

ಕಾಪುವಿನ ಈ ಮನೆಯ ಜಗಲಿಯಿಂದ ನೋಡಿದರೆ ತೆಂಗಿನ ತಲೆಗಳ ಮೇಲೆ ದೀಪಸ್ತಂಭದ ನೆತ್ತಿ ಕಾಣುತ್ತದೆ. ಮಸ್ಕತ್ತಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಹೆಂಡತಿಯನ್ನು ಅಲ್ಲೇ ಕಳೆದುಕೊಂಡು ಮರಳಿದ ಜಿತೇಂದ್ರ ತಂದದ್ದು ಎರಡೇ ವಸ್ತು. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ಪೋಕರ್ ಆಟ. ದುಡ್ಡಿಟ್ಟು ಆಡಿದರೆ ಸ್ನೇಹ ಹಾಳಾಗ್ತದೆ ಎಂದು ಅಮ್ಮನ ಕಾಲದ ಚೆನ್ನೆಮಣೆಯ ಕೆಂಪು ಮಂಜೊಟ್ಟಿ ಬೀಜಗಳನ್ನೇ ಪಣಕ್ಕೆ ಇಟ್ಟ. ಮೂರು ಜನರನ್ನು ಎಲ್ಲೆಲ್ಲಿಂದಲೋ ಹೆಕ್ಕಿ ತಂದು ಮೇಜಿನ ಸುತ್ತ ಕೂರಿಸಿದ.

ಮಲ್ಪೆಯಲ್ಲಿ ನಲವತ್ತು ವರ್ಷ ಬೋಟಿನ ತಂಡೇಲನಾಗಿದ್ದ ಕೂಸಪ್ಪ. ಹತ್ತು ಜನರನ್ನು ಕಡಲಿಗೆ ಒಯ್ದು ಮರಳಿ ತಂದವನು ಈಗ ಆದಿ ಉಡುಪಿಯ ಮಗನ ಮನೆಯಲ್ಲಿ ಟಿವಿಯ ಮಾತು ಕೇಳುತ್ತ ಒಬ್ಬನೇ ಉಣ್ಣುತ್ತಾನೆ. ಗಲ್ಫಿನಲ್ಲಿ ದಾದಿಯಾಗಿ ದುಡಿದು ಬಂದ ಸೋಫಿಯಾ, ಮಣಿಪಾಲದ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ. ಮತ್ತೆ ಮನೋರಮಾ, ಮೂವತ್ತಮೂರು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಎಎಸ್‌ಐ ಆಗಿ ನಿವೃತ್ತಳಾದವಳು. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಎರಡು ಕೋಣೆ, ಒಂದು ಕುಕ್ಕರು. ಆ ಕುಕ್ಕರು ಮೂರು ಸಲ ಕೂಗಿದರೆ "ಆಯ್ತು, ಕೇಳಿಸ್ತು" ಎಂದು ಉತ್ತರ ಕೊಡುವ ಅಭ್ಯಾಸ ಅವಳಿಗೆ ಯಾವಾಗ ಅಂಟಿತೋ ಅವಳಿಗೇ ಗೊತ್ತಿಲ್ಲ.

ನಾಲ್ವರಲ್ಲಿ ಯಾರಿಗೂ ಭಾನುವಾರ ಮಧ್ಯಾಹ್ನ ಬೇರೆಲ್ಲಿಂದಲೂ ಕರೆಯಿರಲಿಲ್ಲ. ಅದಕ್ಕೇ ಎರಡು ವರ್ಷ ಒಂದು ವಾರವೂ ತಪ್ಪಲಿಲ್ಲ.

ಇವತ್ತು ಈ ಮನೆಯಲ್ಲಿ ಕೊನೆಯ ಆಟ. ಜಿತೇಂದ್ರನ ತಂಗಿಯ ಮಗಳು ವಿಜೇತಾ ಸಂಜೆ ಆರಕ್ಕೆ ಬಂದು ಕೀ ತೆಗೆದುಕೊಳ್ಳುತ್ತಾಳೆ. "ಮುಂದಿನ ವಾರದಿಂದ ನಮ್ಮಲ್ಲಿಗೆ ಬನ್ನಿ, ಲಿಫ್ಟ್ ಉಂಟು," ಎಂದು ಸೋಫಿಯಾ ಆಗಲೇ ಕರೆದಾಗಿತ್ತು. ಮನೋರಮಾ ಬಾಯಿ ಮುಚ್ಚಿಕೊಂಡಿದ್ದರೆ ಭಾನುವಾರಗಳು ಉಳಿಯುತ್ತವೆ. ಬಾಯಿ ತೆರೆದರೆ ಅವೂ ಇಲ್ಲ, ಮತ್ತೆ ವಾರಕ್ಕೆ ಏಳು ದಿನವೂ ಕುಕ್ಕರಿನೊಂದಿಗೇ ಮಾತು.

ಎದುರಿಗಿದ್ದ ಇಬ್ಬರಲ್ಲಿ ಒಬ್ಬರು ಜಿತೇಂದ್ರ ಸಾಯುವಾಗ ಈ ಕೋಣೆಯಲ್ಲಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತು ಅಂದರೆ ಎಷ್ಟು? ಒಂಬತ್ತರ ಜೋಡಿಯಷ್ಟು.

ಒಂದನೆಯದು, ಫೋನಿನಲ್ಲಿದ್ದ ಫೋಟೊ. ಆ ಸೋಮವಾರ ಬೆಳಿಗ್ಗೆ ಜಿತೇಂದ್ರ ಫೋನು ತೆಗೆಯದಿದ್ದಾಗ ಮೊದಲ ಬಸ್ಸು ಹಿಡಿದು ಓಡಿ ಬಂದವಳು ಇವಳೇ. ಮುಂಬಾಗಿಲು ಸುಮ್ಮನೆ ಒರಗಿತ್ತು, ದೂಡಿದರೆ ತೆರೆಯಿತು. ಅಳುವ ಮೊದಲು ಫೋಟೊ ತೆಗೆದಳು. ಪೊಲೀಸ್ ಕೆಲಸ ಮಾಡಿದವರ ಕರ್ಮ ಅದು, ಕೈ ಮೊದಲು ಓಡುತ್ತದೆ, ಕಣ್ಣೀರು ಆಮೇಲೆ ಬರುತ್ತದೆ.

ಫೋಟೊದಲ್ಲಿ ಜಿತೇಂದ್ರನ ಮುಂದೆ ಎರಡು ಕಾರ್ಡು ಅಂಗಾತ ಬಿದ್ದಿವೆ. ಎಂಟರ ಜೋಡಿಯಷ್ಟೇ ಆಗುವ ಕೈ, ಮೇಜಿನ ನಡುವೆ ಅದಕ್ಕಿಂತ ದೊಡ್ಡ ರಾಣಿ ಬಿದ್ದಿದೆ. ಅವನ ಬೀಜಗಳೆಲ್ಲ ರಾಶಿಯಾಗಿ ಮೇಜಿನ ನಡುವೆ ತಳ್ಳಿವೆ. ಒಬ್ಬನೇ ಕಾರ್ಡು ಹಾಕಿಕೊಂಡು ಅಭ್ಯಾಸ ಮಾಡುತ್ತ ಕುಳಿತಿದ್ದ, ಹಾಗೇ ಹೋದ ಎಂದು ಎಲ್ಲರೂ ಅಂದರು.

ಆದರೆ ಜಿತೇಂದ್ರ ಅಂಥ ಕೈಗೆ ಒಂದು ಬೀಜವನ್ನೂ ತಳ್ಳುವವನಲ್ಲ. ಇಂಥ ಕೈಗೆ ಕೂಸಪ್ಪ ಒಂದು ಹೆಸರಿಟ್ಟಿದ್ದ, ನಡುನೀರಿನ ಕೈ. ದಡವೂ ಅಲ್ಲ, ಆಳವೂ ಅಲ್ಲ. ನಡುನೀರಿನ ಕೈ ಬಂದಾಗಲೆಲ್ಲ ಜಿತೇಂದ್ರನದ್ದು ಒಂದೇ ಪಾಠ.

"ಬೆಟ್ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ನಿಮಗಿಂತ ಕೆಟ್ಟ ಕೈಯವರು ಸರಿಸಮ ಕಟ್ಟಿ ಆಟದಲ್ಲಿ ಉಳಿಯುತ್ತಾರಾ? ನಿಮಗಿಂತ ಒಳ್ಳೆಯ ಕೈಯವರು ಹೆದರಿ ಓಡುತ್ತಾರಾ? ಎರಡಕ್ಕೂ ಇಲ್ಲ ಅಂತಾದರೆ ಯಾಕೆ ಕಟ್ಟುವುದು? ಸುಮ್ಮನೆ ಮೇಜು ತಟ್ಟಿ, ಸರದಿ ಮುಂದಿನವರಿಗೆ ಬಿಡಿ. ಕಾರ್ಡು ತೋರಿಸುವ ಹೊತ್ತು ಹೇಗೂ ಬರ್ತದೆ."

ಸೋಫಿಯಾ ಈ ಪಾಠವನ್ನು ಔಷಧದ ಚೀಟಿಯಂತೆ ಪಾಲಿಸುತ್ತಿದ್ದಳು. ಕೂಸಪ್ಪನಿಗೆ ಅದು ಕಿವಿಗೇ ಹೋಗುತ್ತಿರಲಿಲ್ಲ. ಬಲೆ ಬೀಸದೆ ಮೀನು ಉಂಟಾ ಮಾರಾಯ ಎಂದು ಎಂಥ ಕೈಗೂ ರಾಶಿ ತಳ್ಳುವುದೇ ಅವನ ಆಟ. ಫೋಟೊದಲ್ಲಿದ್ದದ್ದು ಜಿತೇಂದ್ರನ ಆಟವಲ್ಲ, ಕೂಸಪ್ಪನ ಆಟ.

ಎರಡನೆಯದು, ಸೋಡಾ.

ಹದಿಮೂರನೆಯ ದಿನ ಇದೇ ಮನೆಯಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ ಆಯಿತು. ಪದ್ಧತಿಯಂತೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಒಬ್ಬೊಬ್ಬರೇ ಹೋಗಿ ಕೈಮುಗಿದು ಬಂದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋದವಳು ಮನೋರಮಾ. ಕೋಳಿ ಸಾರು, ಬಂಗುಡೆ, ಕಡುಬು ಎಲ್ಲ ಇತ್ತು. ಎಲೆಯ ತುದಿಯಲ್ಲಿ ಮುಚ್ಚಳ ತೆಗೆಯದ ಒಂದು ಶುಂಠಿ ಸೋಡಾ ಬಾಟಲಿಯೂ ಇತ್ತು.

ಜಿತೇಂದ್ರ ಸೋಡಾ ಮುಟ್ಟುವವನೇ ಅಲ್ಲ. ಮೂಗಿಗೆ ಗಾಳಿ ಹೊಡೆಯುತ್ತದೆ ಎಂದು ಮುಖ ಸಿಂಡರಿಸುತ್ತಿದ್ದ. ಅವನಿಗೆ ಇಷ್ಟವಾದದ್ದು ಅದಲ್ಲ. ಆದರೆ ಎಲೆಗೆ ಇನ್ನೊಂದು ವಸ್ತುವೂ ಬರಬೇಕು, ಬಾಯಿಬಿಟ್ಟು ಕೊನೆಗೆ ಏನು ಕೇಳಿದನೋ ಅದು. ಅದಿಲ್ಲದಿದ್ದರೆ ಹೋದವನಿಗೆ ತೃಪ್ತಿಯಿಲ್ಲ ಎಂದು ಮನೋರಮಳ ಅಜ್ಜಿಯೂ ಹೇಳುತ್ತಿದ್ದಳು, ಕೂಸಪ್ಪನ ಅಜ್ಜಿಯೂ ಹೇಳಿರಬೇಕು. ಎದೆ ಹಿಂಡುವಾಗ ಗ್ಯಾಸ್ ಎಂದು ತಿಳಿದು ಸೋಡಾ ಕೇಳುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅವನು ಕೇಳಿದ್ದಾನೆ. ಯಾರೋ ಕೇಳಿಸಿಕೊಂಡಿದ್ದಾರೆ. ಆ ಯಾರೋ ಪೊಲೀಸರಿಗೆ ಸುಳ್ಳು ಹೇಳಿದರು, ಊರಿಗೆ ಸುಳ್ಳು ಹೇಳಿದರು, ಬಾಳೆಲೆಗೆ ಹೇಳಲು ಧೈರ್ಯ ಬರಲಿಲ್ಲ.

ಇಂಥ ತಪ್ಪು ನಮ್ಮವರೇ ಮಾಡುವುದು. ಸೋಫಿಯಾಳಿಗೆ ಈ ಪದ್ಧತಿ ಗೊತ್ತಿಲ್ಲ, ಅವಳು ಅಂದು ಮೇಣದಬತ್ತಿ ಹಚ್ಚಿ ಜಗಲಿಯಲ್ಲೇ ಕುಳಿತಿದ್ದಳು.

ಹೀಗೆ ಎರಡೂ ಸುಳಿವುಗಳು ಕೂಸಪ್ಪನತ್ತಲೇ ಬೆರಳು ತೋರಿಸುತ್ತಿದ್ದವು. ಆದರೆ ಠಾಣೆಗೆ ಹೋಗಿ ಏನೆನ್ನುವುದು? ಇಸ್ಪೀಟಿನ ಫೋಟೊ, ಸೋಡಾ ಬಾಟಲಿ. ದೇಹ ಸುಟ್ಟು ಆಗಿದೆ. ಹಳೆಯ ಪರಿಚಯದ ಹುಡುಗರು ಕುರ್ಚಿ ಕೊಟ್ಟು, ಚಾ ತರಿಸಿ, ಬಿಡಿ ಮೇಡಂ ಎನ್ನುತ್ತಾರೆ.

ಮೂರನೆಯದೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ಭಾನುವಾರ ಐದಕ್ಕೆ ಆಟ ಮುಗಿದಾಗ ಜಿತೇಂದ್ರ ಗೇಟಿನವರೆಗೆ ಬಂದು, "ಮನೋರಮಾ, ಮುಂದಿನ ವಾರ ಸ್ವಲ್ಪ ಬೇಗ ಬನ್ನಿ. ಒಂದು ಮಾತುಂಟು," ಅಂದಿದ್ದ. ಶಿರ್ವ ದಾರಿಯ ಬಸ್ಸಿನಲ್ಲಿ ಅವಳಿಗೆ ಆ ಮಾತೇ ಗುಂಗು. ಆರು ಗಂಟೆ ಹನ್ನೆರಡು ನಿಮಿಷಕ್ಕೆ ಬೆಳ್ಮಣ್ಣಿನ ಹತ್ತಿರ ಫೋನು ಬಡಿದುಕೊಂಡಿತು. ಜಿತೇಂದ್ರನ ಹೆಸರು. ಕೈಯಲ್ಲಿ ಹಿಡಿದು ನೋಡಿದಳು. ಬಸ್ಸಿನಲ್ಲಿ ಜನ, ಗದ್ದಲ. ಕೂಡಲೇ ತೆಗೆದರೆ ಕಾದು ಕುಳಿತವಳಂತೆ ಆಗುತ್ತದಲ್ಲ ಎಂಬ ಸಂಕೋಚ ಬೇರೆ, ಅರುವತ್ತಮೂರನೆಯ ವಯಸ್ಸಿನಲ್ಲಿ! ನಾಳೆ ಮಾತಾಡಿದರಾಯಿತು ಎಂದು ಚೀಲಕ್ಕೆ ಹಾಕಿದಳು.

ಮೇಜು ತಟ್ಟಿ ಸರದಿ ಬಿಟ್ಟದ್ದು. ಪಾಠ ಕಲಿಸಿದವನ ಮೇಲೆಯೇ ಪಾಠ ಪ್ರಯೋಗವಾಗಿತ್ತು.

ಅವಳಿಗೆ ಅವನ ಮೇಲೆ ಪ್ರೀತಿಯಿತ್ತು. ಈಗ ಹೇಳಿ ಯಾರಿಗೇನು ಉಪಯೋಗ? ಆದರೂ ಇತ್ತು. ಅವನು ಒಬ್ಬನೇ ಸತ್ತ ಎಂಬುದನ್ನು ನಂಬಿದರೆ ಚೀಲಕ್ಕೆ ಹಾಕಿದ ಆ ಫೋನು ನೆನಪಾಗುತ್ತಿತ್ತು. ಯಾರೋ ಪಕ್ಕದಲ್ಲಿದ್ದೂ ಬಿಟ್ಟು ಹೋದರು ಎಂಬುದನ್ನು ನಂಬಿದರೆ ಆ ಫೋಟೊವನ್ನೇ ಮತ್ತೆ ತೆರೆದು ನೋಡುತ್ತಿದ್ದಳು.

"ಅಕ್ಕ," ಕೂಸಪ್ಪ ಮತ್ತೆ ಕರೆದ. "ಕಟ್ಟುತ್ತೀರಾ, ತಟ್ಟುತ್ತೀರಾ?"

ಮನೋರಮಾ ಮನಸ್ಸಿನಲ್ಲಿ ಎರಡು ಪ್ರಶ್ನೆ ಕೇಳಿಕೊಂಡಳು. ಸೋಡಾದ ಮಾತೆತ್ತಿದರೆ ತಪ್ಪು ಮಾಡದವರು ಏನು ಕೊಡುತ್ತಾರೆ? ಬೇಜಾರು ಮಾಡಿಕೊಂಡು ಎದ್ದು ಹೋಗುತ್ತಾರೆ. ತಪ್ಪು ಮಾಡಿದವರು ಹೆದರುತ್ತಾರಾ? ಐದು ವಾರದಲ್ಲಿ ಉತ್ತರ ಹೊಸೆದಿಟ್ಟುಕೊಂಡಿರುತ್ತಾರೆ, ಹೆದರುವುದಿಲ್ಲ. ಎರಡಕ್ಕೂ ಇಲ್ಲ.

ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟಿದಳು.

"ನನ್ನದು ಇಷ್ಟೇ," ಅಂದಳು.

ಈಗ ಕೂಸಪ್ಪನ ಸರದಿ. ಅಭ್ಯಾಸದಂತೆ ಒಂದು ಮುಷ್ಟಿ ಮಂಜೊಟ್ಟಿ ಹಿಡಿದು ಎತ್ತಿದ. ತಳ್ಳಲಿಲ್ಲ. ಸೋಫಿಯಾ ತನ್ನ ಎರಡು ಕಾರ್ಡುಗಳನ್ನು ಮೇಜಿಗೆ ಕವುಚಿಟ್ಟು, ಕನ್ನಡಕ ಒರೆಸುತ್ತ ಕಾದಳು. ಹೊರಗೆ ಕಡಲು ಒಂದೇ ಸಮನೆ ಸದ್ದು ಮಾಡುತ್ತಿತ್ತು.

ಮನೋರಮಾ ಏನೂ ಮಾಡಲಿಲ್ಲ. ಬರಿದೇ ಕೂಸಪ್ಪನ ಮುಷ್ಟಿಯನ್ನು ನೋಡಿದಳು, ಆಮೇಲೆ ಬೆತ್ತದ ಕುರ್ಚಿಯನ್ನು ನೋಡಿದಳು. ಠಾಣೆಯಲ್ಲಿ ಎಷ್ಟೋ ಜನರ ಮುಂದೆ ಹೀಗೆ ಕುಳಿತವಳು. ಮೌನವನ್ನು ಯಾರು ಎಷ್ಟು ಹೊತ್ತು ಹೊರಬಲ್ಲರು ಎಂದು ಅವಳಿಗೆ ಅಂದಾಜಿತ್ತು.

ಕೂಸಪ್ಪನ ಬೆರಳ ಸಂದಿಯಿಂದ ಒಂದು ಬೀಜ ಜಾರಿ ನೆಲದಲ್ಲಿ ಉರುಳಿತು. ಆಮೇಲೆ ಮುಷ್ಟಿಯೇ ಬಿಚ್ಚಿತು.

"ನೀವು ಯಾಕೆ ಕೇಳುವುದಿಲ್ಲ ಮಾರಾಯ್ರೆ?" ಮುದುಕನ ಧ್ವನಿ ಒಡೆಯಿತು. "ಬೊಜ್ಜದ ದಿನ ಬಾಗಿಲು ತೆಗೆದದ್ದು ನೀವು. ಬಾಟಲಿ ನೋಡಿದ್ದೀರಿ. ಆವತ್ತಿನಿಂದ ನಾನು ಕಾಯ್ತಾ ಇದ್ದೇನೆ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ. ಕೇಳಿಬಿಡಿಯಲ್ಲ ಒಮ್ಮೆ!"

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು. ಆದರೆ ಮನೋರಮಳಿಗೆ ಗೆದ್ದ ಸಂತೋಷವಾಗಲಿಲ್ಲ. ಎಪ್ಪತ್ತು ದಾಟಿದ ತಂಡೇಲ ಎದುರಿಗೆ ಕುಳಿತು ಗಲ್ಲ ಒರೆಸಿಕೊಳ್ಳುತ್ತಿದ್ದ.

"ಹೇಳಿ ಕೂಸಪ್ಪಣ್ಣ," ಎಂದಳು ಮೆಲ್ಲಗೆ.

"ಆವತ್ತು ಸೋಫಿಯಾ ಬಾಯಿಯನ್ನು ಬಸ್‌ಸ್ಟಾಪಿನಲ್ಲಿ ಬಿಟ್ಟು ನಾನು ವಾಪಸ್ ಬಂದೆ. ಕೊಡೆ ಇಲ್ಲೇ ಮರೆತಿತ್ತು. ಜಿತೇಂದ್ರ ಇದೇ ಕುರ್ಚಿಯಲ್ಲಿ ಕೂತು ಎದೆ ಉಜ್ಜಿಕೊಳ್ತಾ ಇದ್ದ. ಎಂತ ಆಯ್ತು ಅಂತ ಕೇಳಿದೆ. 'ಗ್ಯಾಸ್ ಆದ ಹಾಗೆ ಉಂಟು, ಒಂದು ಸೋಡಾ ತಂದುಕೊಡಿ' ಅಂದ. ಸೋಡಾ ಅಂದರೆ ಮಾರು ದೂರ ಓಡುವವ ಅವ! ನನಗೆ ಅಷ್ಟಾದರೂ ಹೊಳೆಯಬೇಕಿತ್ತಲ್ಲ ಅಕ್ಕ?"

"ಆಮೇಲೆ?"

"ಸ್ಟಾಪಿನ ಗೂಡಂಗಡಿಗೆ ಹೋದೆ. ಅಂಗಡಿಯವ ಒಳಗೆ ಹೋಗಿದ್ದ, ಕಾದೆ. ನನ್ನ ಕಾಲಿಗೆ ಈಗ ಮೊದಲಿನ ಓಟ ಉಂಟಾ? ಹೋಗಿ ಬರುವಾಗ ಅರ್ಧ ಗಂಟೆ ಆಯ್ತು. ಬಾಟಲಿ ಹಿಡಿದುಕೊಂಡು ಬಂದು ಬಾಗಿಲು ದೂಡಿದೆ." ಕೂಸಪ್ಪ ತಿರುಗಿ ಮುಂಬಾಗಿಲನ್ನು ನೋಡಿದ. "ಒಳಗಿನಿಂದ ಚಿಲಕ ಹಾಕಿತ್ತು."

ಕನ್ನಡಕ ಒರೆಸುತ್ತಿದ್ದ ಸೋಫಿಯಾಳ ಕೈ ನಿಂತಿತು.

"ಸರಿಯಾಗಿ ನೋಡಿದ್ದೀರಾ?" ಮನೋರಮಾ ಕೇಳಿದಳು. "ಬಾಗಿಲು ಬಿಗಿಯಾಗಿದ್ದದ್ದಲ್ಲವಾ?"

"ಬಿಗಿ ಯಾವುದು, ಚಿಲಕ ಯಾವುದು ಅಂತ ನನಗೆ ಗೊತ್ತಾಗುವುದಿಲ್ಲವಾ ಅಕ್ಕ? ಕರೆದೆ, ತಟ್ಟಿದೆ. ಉತ್ತರ ಇಲ್ಲ. ಬಾಗಿಲು ಹಾಕಿಕೊಂಡು ಮಲಗಿದ್ದಾನೆ ಅಂತ ತಿಳಿದೆ. ಸೋಡಾವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಮರುದಿನ ಸುದ್ದಿ ಬಂತು. ಬೊಜ್ಜದ ದಿನ ಇಟ್ಟದ್ದು ಅದೇ ಬಾಟಲಿ. ಅವ ಕೇಳಿದ್ದು, ನಾನು ತಂದದ್ದು. ಮತ್ತೆ ಯಾರಿಗೆ ಕೊಡಲಿ ಅದನ್ನು?"

ಕೂಸಪ್ಪನೇ ಮತ್ತೆ ಕೇಳಿದ.

"ಕಡಲಲ್ಲಿ ಯಾರಿಗಾದರೂ ಎದೆ ನೋವು ಅಂದರೆ ಬಲೆ ಕಡಿದು ದಡಕ್ಕೆ ತಂದವ ನಾನು. ಇಲ್ಲಿ ಸೋಡಾ ತರಲು ಹೋದೆ. ನಾನು ಕೊಂದ ಹಾಗೇ ಆಯಿತಾ ಅಕ್ಕ?"

"ಇಲ್ಲ," ಎಂದಳು ಮನೋರಮಾ. ಅವನ ಒರಟು ಕೈಯ ಮೇಲೆ ತನ್ನ ಕೈ ಇಟ್ಟಳು. ಎರಡು ವರ್ಷ ಒಂದೇ ಮೇಜಿಗೆ ಕುಳಿತವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಅವಳ ತಲೆ ಮಾತ್ರ ಬೇರೆಡೆ ಓಡುತ್ತಿತ್ತು. ಭಾನುವಾರ ಸಂಜೆ ಒಳಗಿನಿಂದ ಚಿಲಕ. ಸೋಮವಾರ ಬೆಳಿಗ್ಗೆ ತಾನು ಬಂದಾಗ ಬಾಗಿಲು ಒರಗಿತ್ತು ಅಷ್ಟೆ. ಎದೆ ಹಿಡಿದುಕೊಂಡವನು ತಾನೇ ಚಿಲಕ ಹಾಕಿ, ತಾನೇ ತೆಗೆದು, ಮತ್ತೆ ಬಂದು ಕುಳಿತು ಸತ್ತನೇ?

"ಕೂಸಪ್ಪಣ್ಣ, ಸೋಡಾ ತರಲು ಹೋದಾಗ ಸೋಫಿಯಾ ಸ್ಟಾಪಿನಲ್ಲಿ ಇದ್ದರಾ?"

"ಇಲ್ಲ. ಬಸ್ಸು ಸಿಕ್ಕಿತು ಅಂತ ತಿಳಿದೆ." ಕೂಸಪ್ಪ ಸೋಫಿಯಾಳತ್ತ ತಿರುಗಿದ. "ಅಲ್ವಾ ಬಾಯಿ? ಬೇಗ ಸಿಕ್ಕಿತಲ್ವಾ?"

ಸೋಫಿಯಾ ಕನ್ನಡಕ ಹಾಕಿಕೊಂಡಳು. ಮುಂದಿದ್ದ ಎರಡು ಕಾರ್ಡುಗಳನ್ನು ಇನ್ನೊಮ್ಮೆ ಎತ್ತಿ ನೋಡದೆ ಕವುಚಿದಂತೆಯೇ ಎಸೆದ ಕಾರ್ಡುಗಳ ಪಕ್ಕಕ್ಕೆ ಸರಿಸಿದಳು.

"ನಾನು ಈ ಆಟಕ್ಕೆ ಇಲ್ಲ," ಎಂದು ಎದ್ದಳು. "ನಿಮಗೆಲ್ಲ ಸ್ವಲ್ಪ ಚಾ ಇಡ್ತೇನೆ."

ಅವಳು ಅಡುಗೆಮನೆಗೆ ಹೋದಳು. ನೀರು ಬಿಟ್ಟ ಸದ್ದಾಯಿತು. ಕೂಸಪ್ಪ ಬಗ್ಗಿ ನೆಲಕ್ಕೆ ಬಿದ್ದ ಮಂಜೊಟ್ಟಿ ಹುಡುಕತೊಡಗಿದ.

ಎಸೆದ ಕಾರ್ಡನ್ನು ನೋಡಬಾರದು. ಜಿತೇಂದ್ರನ ಮೇಜಿನಲ್ಲಿ ಅದು ಕಟ್ಟುನಿಟ್ಟು. ಎರಡು ವರ್ಷದಲ್ಲಿ ಮನೋರಮಾ ಒಮ್ಮೆಯೂ ಆ ನಿಯಮ ಮುರಿದವಳಲ್ಲ. ಈಗ ಕೈ ಚಾಚಿ ಸೋಫಿಯಾಳ ಎರಡು ಕಾರ್ಡುಗಳನ್ನು ತಿರುಗಿಸಿದಳು.

ರಾಜ. ರಾಜ.

ಮೇಜಿನ ಮೇಲಿದ್ದದ್ದು ಸೇರಿಸಿದರೆ ಮೂರು ರಾಜರು. ಆ ಐದು ಕಾರ್ಡುಗಳ ಮುಂದೆ ಅದಕ್ಕಿಂತ ದೊಡ್ಡ ಕೈ ಯಾರಿಗೂ ಬರುವಂತೆಯೇ ಇರಲಿಲ್ಲ. ಒಂದು ಬೀಜವನ್ನೂ ವ್ಯರ್ಥ ಮಾಡದ ಸೋಫಿಯಾ, ಯಾರೂ ಒಂದು ಬೀಜವನ್ನೂ ಕಟ್ಟದಿರುವಾಗ ಅದನ್ನು ಎಸೆದು ಎದ್ದು ಹೋಗಿದ್ದಳು.

ನಿಮಗಿಂತ ಒಳ್ಳೆಯ ಕೈಯವರು ಹೆದರಿ ಓಡುತ್ತಾರಾ?

ಮನೋರಮಾ ಆ ಕಾರ್ಡುಗಳನ್ನು ಮತ್ತೆ ಕವುಚಿಟ್ಟಳು. ಫೋಟೊದಲ್ಲಿ ಆ ರಾಶಿಯನ್ನು ನಡುವೆ ತಳ್ಳಿದ್ದು ಕೂಸಪ್ಪನಲ್ಲ, ಸೋಡಾ ತಂದ ಮೇಲೆ ಅವನು ಒಳಗೇ ಬಂದಿಲ್ಲ. ಕೂಸಪ್ಪ ಹೇಗೆ ಆಡುತ್ತಾನೆಂದು ಎರಡು ವರ್ಷ ಎದುರು ಕುಳಿತು ನೋಡಿದವರು ತಳ್ಳಿದ್ದು. ಸಂಶಯದ ಕಣ್ಣು ಅವನ ಮೇಲೆ ಹೋಗಲಿ ಎಂದು. ಈ ಮೇಜಿನಲ್ಲಿ ತನ್ನನ್ನು ಬಿಟ್ಟರೆ ಹಾಗೆ ನೋಡಿದವರು ಇನ್ನು ಒಬ್ಬರೇ. ಎದೆನೋವಿಗೂ ಗ್ಯಾಸಿಗೂ ವ್ಯತ್ಯಾಸ ತಿಳಿದವರೂ ಅವರೊಬ್ಬರೇ.

ಅವಳು ಎದ್ದು ನಿಂತಳು. ಅಷ್ಟರಲ್ಲಿ ನೀರಿನ ಸದ್ದು ನಿಂತಿತು. ಅಡುಗೆಮನೆಯ ಬಾಗಿಲು ಮುಚ್ಚಿತು, ಕಬ್ಬಿಣದ ಚಿಲಕ ಒಳಗಿನಿಂದ ಬಿತ್ತು.

"ಬಾಯಿ?" ಕೂಸಪ್ಪ ನೆಲದಿಂದ ತಲೆಯೆತ್ತಿದ.

ಮನೋರಮಾ ಬಾಗಿಲಿಗೆ ಹೋಗಿ ಅಂಗೈ ಇಟ್ಟಳು. "ಸೋಫಿಯಾ, ತೆಗೆಯಿರಿ. ನಾನು ಈಗ ಪೊಲೀಸ್ ಅಲ್ಲ. ನಿಮ್ಮ ಜತೆ ಕೂತು ಆಡಿದವಳು. ಆವತ್ತು ಎಂತ ಆಯ್ತು, ಅದು ಮಾತ್ರ ಹೇಳಿ."

ಆಮೇಲೆ ಬಾಗಿಲಿನ ಆಚೆ, ತೀರಾ ಹತ್ತಿರದಿಂದ, ಸೋಫಿಯಾಳ ಮಾತು ಬಂತು. ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ವಾರ್ಡಿನಲ್ಲಿ ರಾತ್ರಿಯ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸುವ ದಾದಿಯ ಧ್ವನಿ.

"ಎಲ್ಲರನ್ನೂ ಕೇಳ್ತೀರಿ ಮನೋರಮಾ. ನಿಮ್ಮನ್ನು ಯಾರು ಕೇಳುವುದು? ಆರು ಹನ್ನೆರಡಕ್ಕೆ ನಿಮಗೆ ಬಂದ ಕಾಲ್ ಜಿತೇಂದ್ರ ಮಾಡಿದ್ದಲ್ಲ. ಅವರ ಫೋನಿನಿಂದ ನಾನು ಮಾಡಿದ್ದು. ಆಗ ಅವರಿಗೆ ಜೀವ ಇತ್ತು. ನಿಮ್ಮನ್ನೇ ಕರೆಯಿರಿ ಅಂತ ಹಟ ಹಿಡಿದಿದ್ದರು. ನೀವು ತೆಗೆಯಲಿಲ್ಲ."

ಅಡುಗೆಮನೆಯ ಹಿಂಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಹೊಯಿಗೆಯ ಮೇಲೆ ಹೆಜ್ಜೆಗಳು ದೂರವಾದವು. ಮನೋರಮಾ ಅಂಗೈಯನ್ನು ಬಾಗಿಲಿನಿಂದ ತೆಗೆಯಲಿಲ್ಲ. ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ಬೆನ್ನ ಹಿಂದೆ ಕೂಸಪ್ಪ ಎದ್ದು ನಿಂತಿದ್ದ.

"ಯಾವ ಕಾಲ್ ಅಕ್ಕ?" ಎಂದು ಕೇಳಿದ.